ರೋಬೋಟ್ ಪಕ್ಕ ನಿಂತ ವೆಲ್ಡರ್ ಕೆಲಸ ಎಷ್ಟು ದಿನ?

ಪ್ರಶ್ನೆ: ನಾನು ಐಟಿಐ ವೆಲ್ಡರ್ ಟ್ರೇಡ್ ಮಾಡಿದವನು. ವಯಸ್ಸು 33. ತುಮಕೂರಿನ ವಸಂತನರಸಾಪುರದಲ್ಲಿ ಬೈಕಿನ ಸೈಲೆನ್ಸರ್ ಮತ್ತು ಫ್ರೇಮಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದೇನೆ. ಮೊದಲು ಕೈಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆ. 6 ವರ್ಷದಿಂದ ರೋಬೋಟ್ ಸೆಲ್ಲಿನ, ಅಂದರೆ ಗೋಡೆಯೊಳಗೆ ರೋಬೋಟೇ ವೆಲ್ಡಿಂಗ್ ಮಾಡುವ ಜಾಗದ, ಆಪರೇಟರ್. ನನ್ನಂಥವರ ಕೆಲಸ ಯಂತ್ರದ ಪಾಲಾಗುವ ಸಾಧ್ಯತೆ 61 ಪರ್ಸೆಂಟ್ ಅಂತ ಮೊಬೈಲಿನಲ್ಲಿ ಓದಿದೆ. ಕೈ ವೆಲ್ಡಿಂಗ್ ಮಾಡುವ ನಮ್ಮಣ್ಣನದು 94 ಅಂತೆ. ತಂಗಿ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ ಬೋರ್ಡಿಗೆ ಬಿಡಿಭಾಗ ಬೆಸೆಯುವ ಸೋಲ್ಡರಿಂಗ್ ಲೈನಿನಲ್ಲಿದ್ದಾಳೆ. ಇದೆಲ್ಲ ನಿಜವಾ ಸರ್? ಕೆಲಸ ಬಿಟ್ಟು ಊರಲ್ಲಿ ಗ್ರಿಲ್ ಶಾಪ್ ಹಾಕಲಾ? ಈ ಹೊಗೆಯಲ್ಲಿ ನಿಂತು ಆರೋಗ್ಯ ಕೆಡಿಸಿಕೊಳ್ಳಬೇಡಿ ಅಂತ ಮನೆಯಲ್ಲಿ ದಿನಾ ಜಗಳ. ಅದಕ್ಕೂ ಒಂದು ಮಾತು ಹೇಳಿ.

ಉತ್ತರ: ಮೊದಲು ಆ 61ರ ಕಥೆ ಮುಗಿಸಿಬಿಡೋಣ. ಅದು 2013ರಲ್ಲಿ ಆಕ್ಸ್‌ಫರ್ಡ್‌ನ ಕಾರ್ಲ್ ಬೆನೆಡಿಕ್ಟ್ ಫ್ರೇ ಮತ್ತು ಮೈಕಲ್ ಓಸ್ಬೋರ್ನ್ ಅನ್ನುವ ಇಬ್ಬರು ಮಾಡಿದ ಲೆಕ್ಕ. ಅಮೆರಿಕದ 702 ಬಗೆಯ ಕೆಲಸಗಳನ್ನು ತೆಗೆದುಕೊಂಡರು. ಅದರಲ್ಲಿ 70 ಕೆಲಸಗಳಿಗೆ ತಜ್ಞರು ಕೂತು, ಇದು ಯಂತ್ರಕ್ಕೆ ಆಗುತ್ತೆ, ಇದು ಆಗಲ್ಲ ಅಂತ ಗುರುತು ಹಾಕಿದರು. ಮಿಕ್ಕಿದ್ದನ್ನೆಲ್ಲ ಕಂಪ್ಯೂಟರ್ ಅಂದಾಜು ಮಾಡಿತು. ಬೆರಳಿನ ಚಳಕ ಎಷ್ಟು ಬೇಕು, ಇಕ್ಕಟ್ಟಿನಲ್ಲಿ ಮೈ ಮಡಚಿ ಕೆಲಸ ಮಾಡಬೇಕಾ, ಜನರನ್ನು ಮಾತಾಡಿ ಒಪ್ಪಿಸಬೇಕಾ, ಇಂಥ 9 ಗುಣ ನೋಡಿ ಅಂಕ ಕೊಟ್ಟಿತು. ನಿಮ್ಮ ಗುಂಪಿಗೆ 0.61 ಬಂತು. ಅಣ್ಣನ ಗುಂಪಿಗೆ 0.94.

ಹಾಗಂದರೆ ನೂರರಲ್ಲಿ 61 ಜನ ಮನೆಗೆ ಹೋಗುತ್ತಾರೆ ಅಂತಲ್ಲ. ಒಂದೆರಡು ದಶಕದಲ್ಲಿ ಈ ಕೆಲಸವನ್ನು ಯಂತ್ರದಿಂದ ಮಾಡಿಸುವುದಕ್ಕೆ ತಂತ್ರಜ್ಞಾನ ಸಿಗಬಹುದಾ ಅನ್ನುವುದಷ್ಟೇ ಅವರ ಪ್ರಶ್ನೆ. ಆ ಯಂತ್ರ ಕೊಳ್ಳುವವರ ಜೇಬಿಗೆ ಹೊಂದುತ್ತಾ, ಕೊಂಡರೆ ಲಾಭ ಇದೆಯಾ ಅನ್ನುವುದು ಅದರಲ್ಲಿ ಇಲ್ಲ.

ಆಮೇಲೆ ಏನಾಯ್ತು ನೋಡಿ. 94 ಅಂಕ ಬಿದ್ದ ಕೈ ವೆಲ್ಡರುಗಳು ಅಮೆರಿಕದಲ್ಲಿ ಇವತ್ತಿಗೂ 4 ಲಕ್ಷಕ್ಕಿಂತ ಜಾಸ್ತಿ ಇದ್ದಾರೆ. ಅಲ್ಲಿನ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಅಂದಾಜಿನಲ್ಲಿ ಅವರ ಸಂಖ್ಯೆ ಇನ್ನೂ ಸ್ವಲ್ಪ ಏರುತ್ತದೆ. ಇಳಿಯುತ್ತದೆ ಅಂತ ಅದೇ ಇಲಾಖೆ ಹೇಳುತ್ತಿರುವುದು ಲೋಹದ ಕೆಲಸದ ಮಶೀನ್ ಆಪರೇಟರುಗಳ ಬಗ್ಗೆ. ಅಂದರೆ ಅಂಕ ಒಂದು ದಿಕ್ಕು ತೋರಿಸಿತು, ಕೆಲಸ ಇನ್ನೊಂದು ದಿಕ್ಕಿಗೆ ಹೋಯಿತು. ನಿಮ್ಮಣ್ಣ ಹೆದರುವುದು ಬೇಡ. ನೀವು ಸ್ವಲ್ಪ ಯೋಚನೆ ಮಾಡಬೇಕು.

ಯಾಕೆ ಹೀಗೆ ತಿರುಗುಮುರುಗಾಯ್ತು? ಉತ್ತರ ನಿಮ್ಮ ಸೆಲ್ಲಿನ ಒಳಗೇ ಇದೆ. ನಿಮ್ಮ ರೋಬೋಟು ಹೋದ ಜಾಗಕ್ಕೇ ಮತ್ತೆ ಹೋಗುವುದರಲ್ಲಿ 0.1 ಮಿಲಿಮೀಟರ್ ಕೂಡ ತಪ್ಪುವುದಿಲ್ಲ. ಆದರೆ ಅಲ್ಲಿ ಜಾಯಿಂಟು ಇರಬೇಕಲ್ಲ? ಕರಗಿ ಬೆಸುಗೆಯಾಗುವ ವೈರಿನ ದಪ್ಪದಲ್ಲಿ ಅರ್ಧದಷ್ಟು ಆಚೀಚೆ ಆದರೂ ತೊಂದರೆ ಶುರು ಅಂತ ನಾವು ಲೆಕ್ಕ ಹಿಡಿಯುತ್ತೇವೆ. 1 ಮಿಲಿಮೀಟರ್ ವೈರ್ ಆದರೆ ಅರ್ಧ ಮಿಲಿಮೀಟರ್. ಪ್ರೆಸ್ ಶಾಪಿನ ಡೈ ಸವೆದು ಪೀಸಿನ ಅಂಚು ಸ್ವಲ್ಪ ಸೊಟ್ಟಗಾದರೆ ಸಾಕು, ರೋಬೋಟು ನಿಷ್ಠೆಯಿಂದ ಗ್ಯಾಪಿನ ಮೇಲೇ ವೆಲ್ಡ್ ಹೊಡೆದು ತೂತು ಮಾಡಿ ಮುಂದಿನ ಪಾಯಿಂಟಿಗೆ ಹೋಗುತ್ತದೆ. ನಿಮ್ಮಣ್ಣ ಆಗಿದ್ದರೆ? ಗ್ಯಾಪ್ ಕಂಡ ತಕ್ಷಣ ಕೈ ತಾನಾಗಿ ಟಾರ್ಚ್ (ವೆಲ್ಡಿಂಗ್ ಹಿಡಿ) ಅಲ್ಲಾಡಿಸುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ದಪ್ಪ ಇರುವ ಕಡೆಗೆ ಆರ್ಕ್, ಅಂದರೆ ಬೆಸೆಯುವ ಕಿಡಿ, ವಾಲಿಸುತ್ತದೆ. ಕೇಳಿದರೆ ಅವರಿಗೂ ಹೇಳುವುದಕ್ಕೆ ಬರುವುದಿಲ್ಲ.

ಅದಕ್ಕೇ ಕಾರಿನ ಬಾಡಿಯ ಸ್ಪಾಟ್ ವೆಲ್ಡಿಂಗ್, ಅಂದರೆ ಎರಡು ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯುವುದು, ಮೊದಲು ರೋಬೋಟಿನ ಪಾಲಾಯಿತು. ಜನರಲ್ ಮೋಟಾರ್ಸ್ ಕಂಪನಿ 1961ರಲ್ಲೇ ಒಂದು ಯುನಿಮೇಟ್ ರೋಬೋಟನ್ನು ಕೆಲಸಕ್ಕೆ ಹಚ್ಚಿತ್ತು, ಲೋಹದ ಎರಕ ಹೊಯ್ಯುವ ಡೈ ಕಾಸ್ಟಿಂಗ್ ವಿಭಾಗದಲ್ಲಿ. 1969ರಲ್ಲಿ ಒಹಾಯೋದ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ ಅವೇ ರೋಬೋಟುಗಳು ಸಾಲಾಗಿ ನಿಂತು ಸ್ಪಾಟ್ ಹೊಡೆಯತೊಡಗಿದವು. ಒಂದೇ ಪೀಸು, ಒಂದೇ ಜಾಗ, ದಿನಕ್ಕೆ ಸಾವಿರಾರು ಸಲ. ಅದಕ್ಕೆ ರೋಬೋಟೇ ಸರಿ. ಈಗ ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗೆ ಹೋಗಿ. ಕಬ್ಬು ನುರಿಸುವುದು ನಿಂತ ಮೇಲೆ ಆಫ್ ಸೀಸನ್ ರಿಪೇರಿ ಶುರುವಾಗುತ್ತದೆ. ಬಾಯ್ಲರಿನ ಟ್ಯೂಬ್ ಬದಲಿಸಬೇಕು. ಒಂದು ಕೈ ಹೋಗುವಷ್ಟು ಸಂದು, ಹಿಂಬದಿ ಕಾಣಿಸುವುದಿಲ್ಲ, ಕನ್ನಡಿ ಹಿಡಿದು ವೆಲ್ಡ್ ಮಾಡುತ್ತಾರೆ. ಎರಡು ಜಾಯಿಂಟು ಒಂದೇ ಥರ ಇರುವುದಿಲ್ಲ. ಅಲ್ಲಿಗೆ ರೋಬೋಟ್ ತರುವವರು ಯಾರು?

ಈಗ ನಿಮ್ಮ ವಿಷಯ. ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ ಅಂತ ನನಗೆ ಅನ್ನಿಸುತ್ತದೆ. ರೋಬೋಟ್ ನನ್ನ ಕೆಲಸ ಕಸಿಯುತ್ತಾ ಅಂತ ಕೇಳುತ್ತಿದ್ದೀರಿ. ಅದು ಕಸಿಯುವುದನ್ನು 6 ವರ್ಷದ ಹಿಂದೆಯೇ ಕಸಿದಾಯ್ತು. ಆರ್ಕ್ ಈಗ ಅದರ ಕೈಯಲ್ಲಿದೆ. ನಾನು ನಿಮ್ಮ ಜಾಗದಲ್ಲಿದ್ದರೆ ಕೇಳುವುದು ಇಷ್ಟು: ನಾನು ಬೆಸೆಯುತ್ತಿರುವ ಈ ಜಾಯಿಂಟಿಗೆ ಆಯಸ್ಸು ಎಷ್ಟು?

ಯಾಕೆ ಅಂದರೆ ಬೆಸುಗೆ ಕೆಲಸ ಹೋಗಿರುವುದು ಎಷ್ಟೋ ಸಲ ಬೆಸೆಯುವ ಯಂತ್ರ ಬಂದು ಅಲ್ಲ. ಬೆಸುಗೆಯೇ ಬೇಡ ಅಂತ ಆಗಿ. ಬೆಂಗಳೂರಿನ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ನೆನಪಿರಬಹುದು. ಶುರುವಾದದ್ದು 1948ರಲ್ಲಿ. ಅಲ್ಲಿ ತಯಾರಾಗುತ್ತಿದ್ದ ಹಳೆಯ ಸ್ಟ್ರೌಜರ್ ಮಾದರಿಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ವೈರುಗಳದ್ದೇ ಕಾಡು. ಒಂದೊಂದು ತುದಿಯನ್ನೂ ಯಾರೋ ಕೂತು ಬೆಸೆಯಬೇಕು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು, ಆ ವೈರಿನ ಕಾಡೆಲ್ಲ ಬೋರ್ಡಿನ ಒಳಗಿನ ತಾಮ್ರದ ಗೆರೆಗಳಾಗಿ ಹೋಯಿತು. ಯಾರ ಕೈಯಿಂದಲೂ ಯಾವ ರೋಬೋಟೂ ಸೋಲ್ಡರಿಂಗ್ ಐರನ್ ಕಿತ್ತುಕೊಳ್ಳಲಿಲ್ಲ. ಬೆಸೆಯುವುದಕ್ಕೆ ತುದಿಯೇ ಉಳಿಯಲಿಲ್ಲ, ಅಷ್ಟೆ. ಈಚಿನ ಉದಾಹರಣೆ ಬೇಕಾದರೆ ಟೆಸ್ಲಾ ಕಂಪನಿಯ ಮಾಡೆಲ್ ವೈ ಕಾರು. ಸುಮಾರು 70 ಬಿಡಿಭಾಗ ಜೋಡಿಸಿ ಮಾಡುತ್ತಿದ್ದ ಹಿಂಬದಿಯ ಅಡಿಭಾಗವನ್ನು ಅವರು ಒಂದೇ ದೊಡ್ಡ ಎರಕವಾಗಿ ಹೊಯ್ದುಬಿಟ್ಟರು. ಅಲ್ಲಿ ಕೆಲಸ ಹೋಗಿದ್ದು ವೆಲ್ಡರುಗಳಿಗಲ್ಲ, ವೆಲ್ಡಿಂಗ್ ರೋಬೋಟುಗಳಿಗೆ!

ಈಗ ನಿಮ್ಮ ಸೈಲೆನ್ಸರಿಗೆ ಬನ್ನಿ. ಎಲೆಕ್ಟ್ರಿಕ್ ಸ್ಕೂಟರಿಗೆ ಸೈಲೆನ್ಸರ್ ಇಲ್ಲ. ನಿಮ್ಮ ಸೆಲ್ಲಿನ ಪಕ್ಕದಲ್ಲಿ ಎಷ್ಟೇ ಬುದ್ಧಿವಂತ ರೋಬೋಟ್ ತಂದು ನಿಲ್ಲಿಸಿದರೂ ನಿಮಗೆ ಅದರಿಂದ ಆಗುವ ಹಾನಿ ಇದರ ಮುಂದೆ ಕಮ್ಮಿ. ಹಾಗಂತ ನಾಳೆಯೇ ಆಗುವ ಮಾತಲ್ಲ. 2024-25ರಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ಸ್ಕೂಟರ್ ಬೈಕುಗಳಲ್ಲಿ ನೂರಕ್ಕೆ ಸುಮಾರು 6 ಮಾತ್ರ ಎಲೆಕ್ಟ್ರಿಕ್. ಮಿಕ್ಕ 94ಕ್ಕೂ ಹೊಗೆ ಕೊಳವೆ ಬೇಕೇ ಬೇಕು. ಆದರೆ ನಿಮಗೆ 33 ವರ್ಷ. ಇನ್ನೂ 25 ವರ್ಷ ದುಡಿಯಬೇಕು, ಅಲ್ವಾ? ಅಷ್ಟು ದಿನ ಸೈಲೆನ್ಸರ್ ಲೈನ್ ಹೀಗೇ ಓಡುತ್ತದೆ ಅಂತ ನಾನಂತೂ ಬರೆದುಕೊಡುವುದಿಲ್ಲ. ಫ್ರೇಮ್ ವಿಷಯ ಬೇರೆ. ಎಲೆಕ್ಟ್ರಿಕ್ ಗಾಡಿಗೂ ಚಾಸಿ ಬೇಕು, ಅದನ್ನೂ ಪೈಪ್ ಬೆಸೆದೇ ಮಾಡುತ್ತಾರೆ. ನಿಮ್ಮ ಕಾರ್ಖಾನೆಯಲ್ಲಿ ಎರಡೂ ಇದೆ ಅಂದಿರಿ. ಸೂಪರ್‌ವೈಸರ್ ಹತ್ತಿರ ಹೇಗಾದರೂ ಮಾತಾಡಿ ಫ್ರೇಮ್ ಸೆಲ್ಲಿಗೆ ಹೋಗಿ. ಇದು ನನ್ನ ಮೊದಲ ಸಲಹೆ. ಒಂದು ಪೈಸೆ ಖರ್ಚಿಲ್ಲದ್ದು.

ಎರಡನೆಯದು ಸ್ವಲ್ಪ ಕಹಿ. ನಿಮ್ಮ ಸೆಲ್ಲಿನಲ್ಲಿ ಈಗ ನೀವು ಮಾಡುವುದು ಏನು? ಪೀಸನ್ನು ಅಲುಗಾಡದಂತೆ ಹಿಡಿಯುವ ಫಿಕ್ಸ್ಚರಿನಲ್ಲಿ ಇಡುವುದು, ಕ್ಲ್ಯಾಂಪ್ ಹಾಕುವುದು, ಎರಡು ಕೈಯಿಂದ ಎರಡು ಬಟನ್ ಒತ್ತುವುದು, ಆದ ಪೀಸ್ ತೆಗೆದು ಸಿಡಿದು ಅಂಟಿದ ಲೋಹದ ಹನಿ, ಅಂದರೆ ಸ್ಪ್ಯಾಟರ್, ಕೆರೆಯುವುದು. ಇಷ್ಟೇ ಆದರೆ ಅದಕ್ಕೆ ಐಟಿಐ ವೆಲ್ಡರ್ ಬೇಕಾಗಿಲ್ಲ. ಮ್ಯಾನೇಜ್‌ಮೆಂಟಿಗೂ ಅದು ಗೊತ್ತು. ಜಪಾನಿನಲ್ಲೋ ಜರ್ಮನಿಯಲ್ಲೋ ಆದರೆ ಪೀಸ್ ಇಡುವುದಕ್ಕೂ ಇನ್ನೊಂದು ರೋಬೋಟ್ ನಿಲ್ಲಿಸುತ್ತಾರೆ. ಇಲ್ಲಿ ಹಾಗೆ ಮಾಡುವುದು ಕಮ್ಮಿ. ಒಂದು ಲೆಕ್ಕ ಹಾಕಿ. ಪೀಸ್ ಎತ್ತಿಡುವ ರೋಬೋಟು, ಅದರ ಕ್ಯಾಮೆರಾ, ಗ್ರಿಪ್ಪರ್ ಎಲ್ಲ ಸೇರಿ 30 ಲಕ್ಷ ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 16 ಸಾವಿರದ ಹಾಗೆ ಇಬ್ಬರು ಕಾಂಟ್ರ್ಯಾಕ್ಟ್ ಹುಡುಗರು, ಎರಡು ಶಿಫ್ಟಿಗೆ. ವರ್ಷಕ್ಕೆ 4 ಲಕ್ಷವೂ ಆಗಲಿಲ್ಲ. ಬಡ್ಡಿ, ಅಸಲು, ಮೇಂಟೆನೆನ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ರೋಬೋಟು ಸೋಲುತ್ತದೆ. ಹಾಗಾಗಿ ಬಟನ್ ಒತ್ತುವ ಕೆಲಸ ಇಲ್ಲಿ ಉಳಿಯುತ್ತದೆ. ಅದಕ್ಕೆ ನಿಮಗೆ ಕೊಡುವ ಸಂಬಳ ಉಳಿಯುವುದಿಲ್ಲ. 61 ಪರ್ಸೆಂಟ್ ಅನ್ನುವ ಅಂಕಿಯಲ್ಲಿ ಎಲ್ಲೂ ಕಾಣದ ಅಪಾಯ ಇದು.

ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ಹೇಳುವ ಮೊದಲು ಒಂದು ಘಟನೆ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ರೋಬೋಟ್ ಸೆಲ್ಲಿನಲ್ಲಿ ಸೋಮವಾರ ಬೆಳಗಿನ ಶಿಫ್ಟಿನಲ್ಲಿ ಮಾತ್ರ ವೆಲ್ಡಿನಲ್ಲಿ ಬ್ಲೋ ಹೋಲ್, ಅಂದರೆ ಗುಳ್ಳೆ ತೂತು, ಬರುತ್ತಿತ್ತು. ಮಂಗಳವಾರದಿಂದ ಶನಿವಾರದವರೆಗೆ ವೆಲ್ಡ್ ಚೊಕ್ಕ. ಮೇಂಟೆನೆನ್ಸಿನವರು ಗ್ಯಾಸ್ ಲೈನ್ ನೋಡಿದರು, ನಾಝಲ್ ಬದಲಿಸಿದರು, ವೈರ್ ಡ್ರಮ್ ಬದಲಿಸಿದರು. ನಾನೂ ಎರಡು ಸೋಮವಾರ ಕರೆಂಟು, ವೋಲ್ಟೇಜು ತಿರುವುತ್ತಾ ಕೂತೆ. ಹೊರಗಿನಿಂದ ಕಂಪನಿ ಎಂಜಿನಿಯರ್ ಬಂದು ಪ್ರೋಗ್ರಾಂ ಎಲ್ಲ ತಿದ್ದಿ ಹೋದರು. ಮೂರನೇ ವಾರ ಪೀಸ್ ಇಡುವ ಆಪರೇಟರ್ ಒಬ್ಬರು ನನ್ನ ಹತ್ತಿರ ಬಂದು, ಸರ್, ಬಿನ್ನಿನ ತಳದ ಪೀಸುಗಳಲ್ಲಿ ಮಾತ್ರ ಬರ್ತಿದೆ ನೋಡಿ ಅಂದರು. ಅಷ್ಟೇ ವಿಷಯ. ಶನಿವಾರ ತುಂಬಿಟ್ಟ ಬಿನ್ನು ಭಾನುವಾರ ಪೂರ್ತಿ ನಿಂತಿರುತ್ತದೆ. ಪ್ರೆಸ್ ಆಯಿಲ್ ಎಲ್ಲ ಜಾರಿ ತಳದ ಪೀಸಿಗೆ ಇಳಿಯುತ್ತದೆ. ಆ ಎಣ್ಣೆ ಆರ್ಕಿನಲ್ಲಿ ಸುಟ್ಟು ಗ್ಯಾಸಾಗಿ ವೆಲ್ಡಿನೊಳಗೆ ಗುಳ್ಳೆ. ಪೀಸನ್ನು ಕೈಯಲ್ಲಿ ಮುಟ್ಟುವವನಿಗೆ ಮಾತ್ರ ಗೊತ್ತಾಗುವ ಸಂಗತಿ. ನಮ್ಮ ಸ್ಕ್ರೀನಿನಲ್ಲಿ ಅದು ಎಲ್ಲಿಂದ ಕಾಣಬೇಕು?

ಆ ಆಪರೇಟರ್ ಮುಂದೆ ಆ ಲೈನಿನ ಸೆಟ್ಟರ್ ಆದರು. ನೀವು ನೋಡಬೇಕಾದ ಜಾಗ ಅದು. ವೆಲ್ಡ್ ಕೆಟ್ಟಾಗ ಕಾರಣ ಹುಡುಕಿ ಕೊಡುವವನು. ನಿಮ್ಮ ಹತ್ತಿರ ಅದಕ್ಕೆ ಅರ್ಧ ಬಂಡವಾಳ ಆಗಲೇ ಇದೆ, ಕೈಯಲ್ಲಿ ಟಾರ್ಚ್ ಹಿಡಿದವರು ನೀವು. ನೇರವಾಗಿ ಬಟನ್ ಒತ್ತುವುದಕ್ಕೆ ಬಂದ ಹುಡುಗನಿಗೆ ಆರ್ಕಿನ ಸದ್ದು ಕೇಳಿ ವೈರ್ ಫೀಡ್ ಎಡವುತ್ತಿದೆ ಅಂತ ಹೇಳುವುದಕ್ಕೆ ಬರುವುದಿಲ್ಲ. ನಿಮಗೆ ಬರುತ್ತೆ.

ಉಳಿದರ್ಧಕ್ಕೆ ಟೀಚ್ ಪೆಂಡೆಂಟ್, ಅಂದರೆ ರೋಬೋಟಿಗೆ ದಾರಿ ಹೇಳಿಕೊಡುವ ಕೈ ರಿಮೋಟು, ಕಲಿಯಿರಿ. ಹೆದರಬೇಡಿ, ಅದು ಸಾಫ್ಟ್‌ವೇರ್ ಎಂಜಿನಿಯರ್ ಕೆಲಸ ಅಲ್ಲ. ಟಾರ್ಚನ್ನು ಪಾಯಿಂಟಿಂದ ಪಾಯಿಂಟಿಗೆ ನಡೆಸಿ, ಇಲ್ಲಿ ಆರ್ಕ್ ಹಚ್ಚು, ಇಲ್ಲಿ ನಿಲ್ಲಿಸು ಅಂತ ಹೇಳಿಕೊಡುವುದು. ಟಾರ್ಚ್ ಯಾವ ಕೋನದಲ್ಲಿರಬೇಕು, ಎಷ್ಟು ಸ್ಪೀಡಿನಲ್ಲಿ ಓಡಬೇಕು ಅನ್ನುವುದು ವೆಲ್ಡರಿಗೆ ಗೊತ್ತಿರುವ ವಿದ್ಯೆಯೇ. ಮೊದಲ ತಿಂಗಳು ಎರಡೇ ಕೆಲಸ ಕಲಿತರೂ ಸಾಕು: ಟಾರ್ಚ್ ಎಲ್ಲಾದರೂ ತಗುಲಿ ಬಾಗಿದಾಗ ವೈರಿನ ತುದಿಯನ್ನು ಮತ್ತೆ ಸರಿಯಾದ ಜಾಗಕ್ಕೆ ತರುವುದು, ಮತ್ತೆ ಒಂದು ಪಾಯಿಂಟನ್ನು ಅರ್ಧ ಮಿಲಿಮೀಟರ್ ಸರಿಸಿ ಸೇವ್ ಮಾಡುವುದು. ಮೇಂಟೆನೆನ್ಸಿನವರು ಪೆಂಡೆಂಟ್ ಮುಟ್ಟುವುದಕ್ಕೆ ಬಿಡಲ್ಲ ಅಂತೀರಿ, ಗೊತ್ತು. ಎಲ್ಲ ಕಡೆಯೂ ಅದೇ ಗೋಳು. ರಾತ್ರಿ ಶಿಫ್ಟಿನಲ್ಲಿ ಅವರಿಗೆ ನಿದ್ದೆಯಿಂದ ಎದ್ದು ಬರುವುದು ತಪ್ಪುತ್ತದೆ ಅಂತಾದರೆ ಅವರೇ ಕಲಿಸುತ್ತಾರೆ.

ಇನ್ನೊಂದು, ಮ್ಯಾಕ್ರೋ ಟೆಸ್ಟ್. ವೆಲ್ಡನ್ನು ಅಡ್ಡ ಕೊಯ್ದು, ಉಜ್ಜಿ ನುಣುಪು ಮಾಡಿ, ಆಸಿಡ್ ಹಚ್ಚಿ ಪೆನೆಟ್ರೇಷನ್, ಅಂದರೆ ಬೆಸುಗೆ ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡುವುದು. ಕ್ವಾಲಿಟಿ ರೂಮಿನಲ್ಲಿ ಮಾಡುತ್ತಾರಲ್ಲ, ಒಂದು ದಿನ ಹೋಗಿ ಪಕ್ಕದಲ್ಲಿ ನಿಂತು ನೋಡಿ. ಮೇಲೆ ಚೆಂದ ಕಂಡ ವೆಲ್ಡು ಒಳಗೆ ಹಿಡಿದೇ ಇಲ್ಲ ಅಂತ ಒಮ್ಮೆ ಕಣ್ಣಾರೆ ಕಂಡರೆ ಆಮೇಲೆ ನೀವು ಸೆಟ್ಟಿಂಗ್ ನೋಡುವ ರೀತಿಯೇ ಬದಲಾಗುತ್ತದೆ.

ಸರ್ಟಿಫಿಕೇಟ್ ವಿಷಯ. ಕೈ ವೆಲ್ಡರುಗಳಿಗೆ ಐಎಸ್‌ಒ 9606 ಅನ್ನುವ ಪರೀಕ್ಷೆ ಇದ್ದ ಹಾಗೆ ಯಂತ್ರದ ಆಪರೇಟರು, ಸೆಟ್ಟರುಗಳಿಗೆ ಐಎಸ್‌ಒ 14732 ಅಂತ ಬೇರೆಯೇ ಇದೆ. ಇದು ಇದೆ ಅಂತಲೇ ನಮ್ಮ ಅರ್ಧ ಜನಕ್ಕೆ ಗೊತ್ತಿಲ್ಲ. ರಫ್ತು ಮಾಡುವ ಕಂಪನಿಗೆ, ರೈಲು ಬೋಗಿಯ ಭಾಗ ಮಾಡುವ ಕಡೆಗೆ ಅರ್ಜಿ ಹಾಕುವಾಗ ಅದರ ಬೆಲೆ ತಿಳಿಯುತ್ತದೆ. ಕೈ ವೆಲ್ಡಿಂಗ್ ಸರ್ಟಿಫಿಕೇಟ್ ನಿಮ್ಮ ಹತ್ತಿರ ಇತ್ತು ಅಂದರೆ ಒಂದು ಕೆಟ್ಟ ಸುದ್ದಿ: ಆ ಪದ್ಧತಿಯಲ್ಲಿ 6 ತಿಂಗಳು ವೆಲ್ಡ್ ಮಾಡದೇ ಹೋದರೆ ಅದು ಊರ್ಜಿತ ಇರುವುದಿಲ್ಲ. ಅಮೆರಿಕದ ಬಾಯ್ಲರ್ ಕೋಡಿನಲ್ಲೂ ಅಷ್ಟೇ. ಹಾಗಾಗಿ ಕೆಟ್ಟ ಪೀಸನ್ನು ಕೈಯಲ್ಲಿ ಸರಿಮಾಡುವ ರೀವರ್ಕ್ ಬೂತಿನಲ್ಲಿ ವಾರಕ್ಕೆ ಒಂದೆರಡು ಗಂಟೆ ಕೈ ಟಾರ್ಚ್ ಹಿಡಿಯುವ ಅವಕಾಶ ಕೇಳಿ ಪಡೆಯಿರಿ. ರೋಬೋಟ್ ಕಲಿಯುವ ಭರದಲ್ಲಿ ಕೈ ಮರೆತರೆ ಎರಡೂ ಇಲ್ಲ.

ಕಲಿಯುವುದು ಎಲ್ಲಿ ಅಂದರೆ, ನಮ್ಮ ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಅಲ್ಲಿ ಇಂಡಸ್ಟ್ರಿಯಲ್ ರೋಬೋಟಿಕ್ಸ್ ಕೋರ್ಸೂ ಸೇರಿದೆ. ಕೆಲಸದಲ್ಲಿ ಇರುವವರಿಗೆ ಸಣ್ಣ ಅವಧಿಯ ತರಬೇತಿ ಕೊಡುತ್ತಾರಾ ಅಂತ ನಿಮ್ಮ ಹತ್ತಿರದ ಐಟಿಐಗೆ ಖುದ್ದಾಗಿ ಹೋಗಿ ವಿಚಾರಿಸಿ, ಫೋನಿನಲ್ಲಿ ಸರಿಯಾದ ಉತ್ತರ ಸಿಗುವುದು ಅನುಮಾನ. ವೆಲ್ಡಿಂಗಿನಲ್ಲೇ ಆಳಕ್ಕೆ ಇಳಿಯಬೇಕು ಅಂದರೆ ತಿರುಚಿರಾಪಳ್ಳಿಯಲ್ಲಿ ಬಿಎಚ್‌ಇಎಲ್‌ನ ವೆಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ.

ತಂಗಿಯ ವಿಷಯಕ್ಕೆ ಬರೋಣ. ಅವರದು ನಿಮಗಿಂತ ಸೂಕ್ಷ್ಮ. ಸೋಲ್ಡರಿಂಗ್ ಲೈನ್ ಅಂದಿರಿ, ಲೈನಿನ ಯಾವ ತುದಿ ಅಂತ ಹೇಳಲಿಲ್ಲ. ಸಣ್ಣ ಕಾಂಪೊನೆಂಟುಗಳೆಲ್ಲ ಈಗ ಬೋರ್ಡಿನ ಮೇಲೇ ಕೂರುತ್ತವೆ. ಪೇಸ್ಟ್ ಹಚ್ಚುವುದು, ಕಾಂಪೊನೆಂಟ್ ಇಡುವುದು, ಓವನ್ನಿನಲ್ಲಿ 240 ಡಿಗ್ರಿ ಆಸುಪಾಸಿಗೆ ಕಾಯಿಸಿ ಕರಗಿಸುವುದು, ಎಲ್ಲ ಯಂತ್ರವೇ. ಆದ ಮೇಲೆ ಕ್ಯಾಮೆರಾ ಮಶೀನು ನೋಡಿ ಅನುಮಾನ ಬಂದ ಬೋರ್ಡನ್ನು ಪಕ್ಕಕ್ಕೆ ಹಾಕುತ್ತದೆ. ಆ ಮಶೀನಿಗೆ ಅನುಮಾನ ಜಾಸ್ತಿ, ಚೆನ್ನಾಗಿರುವುದನ್ನೂ ಕೆಟ್ಟಿದೆ ಅನ್ನುತ್ತದೆ. ಹಾಗಾಗಿ ಒಬ್ಬರು ಕೂತು ಸ್ಕ್ರೀನ್ ನೋಡಿ ಓಕೆ, ನಾಟ್ ಓಕೆ ಅಂತ ಒತ್ತುತ್ತಿರಬೇಕು. ತಂಗಿ ಕೂತಿರುವುದು ಅಲ್ಲಾದರೆ ಬೇಗ ಜಾಗ ಬದಲಿಸಲಿ. ಚಿತ್ರ ನೋಡಿ ಹೌದು ಅಲ್ಲ ಅನ್ನುವುದನ್ನು ಈಗಿನ ಎಐ ಚೆನ್ನಾಗಿಯೇ ಕಲಿಯುತ್ತಿದೆ. ಈ ಪತ್ರದಲ್ಲಿ ನೀವು ಕೇಳಿದ ಮೂರು ಜನರ ಕೆಲಸದಲ್ಲಿ ನಿಜವಾಗಿ ಎಐಗೆ ಹೆದರಬೇಕಾದದ್ದು ಇದೊಂದೇ.

ಬದಲಿಗೆ ರೀವರ್ಕ್ ಟೇಬಲ್ಲಿನಲ್ಲಿದ್ದರೆ, ಟ್ರಾನ್ಸ್‌ಫಾರ್ಮರು, ದೊಡ್ಡ ಕನೆಕ್ಟರು, ವೈರ್ ಹಾರ್ನೆಸ್ ಕೈಯಲ್ಲಿ ಬೆಸೆಯುವ ಕಡೆ ಇದ್ದರೆ, ಅಲ್ಲೇ ಗಟ್ಟಿಯಾಗಲಿ. ಅಡಿಯಲ್ಲಿ ಬಾಲ್ ಇರುವ ಬಿಜಿಎ ಚಿಪ್ಪನ್ನು ಬೋರ್ಡು ಸುಡದ ಹಾಗೆ ಎತ್ತಿ ಮತ್ತೆ ಕೂರಿಸುವ ಕೈಗೆ ಯಾವ ಕಾರ್ಖಾನೆಯಲ್ಲೂ ಬೆಲೆ ಇದೆ. ಐಪಿಸಿ ಎ 610 ಮತ್ತು ಜೆ ಸ್ಟ್ಯಾಂಡರ್ಡ್ 001 ಅನ್ನುವ ಎರಡು ಸರ್ಟಿಫಿಕೇಟ್ ಈ ರಂಗದಲ್ಲಿ ನಡೆಯುವ ನಾಣ್ಯ. ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ದುಡ್ಡು ಸ್ವಲ್ಪ ಜಾಸ್ತಿ. ಕಂಪನಿಯಿಂದಲೇ ಮಾಡಿಸಿಕೊಳ್ಳಲಿ. ಅದರಲ್ಲಿ ಕ್ಲಾಸ್ 3 ಅಂತ ಬರುತ್ತದೆ, ವಿಮಾನಕ್ಕೆ, ಜೀವ ಉಳಿಸುವ ವೈದ್ಯಕೀಯ ಉಪಕರಣಕ್ಕೆ ಹೋಗುವ ಬೋರ್ಡುಗಳ ದರ್ಜೆ. ಮೈಸೂರು, ಬೆಂಗಳೂರಿನಲ್ಲಿ ಅಂಥ ಕೆಲಸ ಇದೆ. ಬೋರ್ಡುಗಳ ಸಂಖ್ಯೆ ಕಮ್ಮಿ, ಬಗೆ ಜಾಸ್ತಿ. ಯಂತ್ರಕ್ಕೆ ಹಿಡಿಸದೇ ಇರುವುದು ಇದೇ.

ಗ್ರಿಲ್ ಶಾಪ್ ಬಗ್ಗೆ ಹೇಳಬೇಕು ಅಂದರೆ, ಈಗ ಬೇಡ. ವೆಲ್ಡಿಂಗ್ ಬರುತ್ತೆ ಅಂತ ಶಾಪ್ ನಡೆಯುವುದಿಲ್ಲ. ಅಳತೆಗೆ ಹೋಗಬೇಕು, ಅಡ್ವಾನ್ಸ್ ಕೇಳಬೇಕು, ಬಾಕಿ ವಸೂಲಿಗೆ ಹಬ್ಬದ ದಿನವೂ ಬಾಗಿಲು ತಟ್ಟಬೇಕು. ಜೊತೆಗೆ ಕೈಯಲ್ಲಿ ಹಿಡಿಯುವ ಲೇಸರ್ ವೆಲ್ಡಿಂಗ್ ಮಶೀನುಗಳು ಚೀನಾದಿಂದ ಬರುತ್ತಿವೆ. ತೆಳು ಸ್ಟೀಲ್ ರೇಲಿಂಗನ್ನು ವಾರ ಪೂರ್ತಿ ಕಲಿಯದ ಹುಡುಗನೂ ಅದರಲ್ಲಿ ಚೆನ್ನಾಗಿಯೇ ಬೆಸೆಯುತ್ತಾನೆ. (ಅದರ ಬೆಳಕು ಪ್ರತಿಫಲಿಸಿ ಕಣ್ಣಿಗೆ ಬಿದ್ದರೂ ಕಣ್ಣು ಹೋಗಬಹುದು, ಮಾಮೂಲಿ ಕಪ್ಪು ಗ್ಲಾಸ್ ಸಾಲದು. ಯಾರಾದರೂ ಡೆಮೊ ತೋರಿಸಿದರೆ ದೂರ ನಿಂತು ನೋಡಿ.) ಸ್ಟೇನ್‌ಲೆಸ್ ಟಿಗ್ ವೆಲ್ಡಿಂಗನ್ನೇ ನಂಬಿದ ಸಣ್ಣ ಶಾಪುಗಳಿಗೆ ಅದರ ಬಿಸಿ ತಟ್ಟುತ್ತದೆ. ಶಾಪ್ ಹಾಕಲೇಬೇಕು ಅಂತಿದ್ದರೆ ಟ್ರ್ಯಾಕ್ಟರ್ ಟ್ರೇಲರ್, ಜೆಸಿಬಿ ಬಕೆಟ್ ರಿಪೇರಿ ಥರದ ದಪ್ಪ ಕೆಲಸ ನೋಡಿ. ಮುರಿದು ಬಂದ ಬಕೆಟ್ಟಿಗೆ ಡ್ರಾಯಿಂಗ್ ಇರುವುದಿಲ್ಲ. ಅಣ್ಣನ ಜೊತೆ ಸೇರಿ ಭಾನುವಾರಗಳಲ್ಲಿ ಶುರು ಮಾಡಿ ನೋಡಬಹುದು, ಕೆಲಸ ಬಿಡದೇ.

ಕೊನೆಗೆ ಹೊಗೆ. ಮನೆಯವರು ಹೇಳುವುದು ಸುಮ್ನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದಕ್ಕೂ ಮೊದಲು ಇದ್ದದ್ದು ಬರೀ ಅನುಮಾನದ ಗುಂಪಿನಲ್ಲಿ. ಒಂದು ವಿಷಯದಲ್ಲಿ ಮಾತ್ರ ನೀವು ಅಣ್ಣನಿಗಿಂತ ಪುಣ್ಯವಂತರು, ಅವರ ಮುಖ ಹೊಗೆಯ ನೆತ್ತಿಯ ಮೇಲೇ ಇರುತ್ತದೆ. ನಿಮ್ಮ ಸೆಲ್ಲಿಗೆ ಗೋಡೆ ಇದೆ. ಆದರೆ ಒಂದು ಪೀಸಿನ ವೆಲ್ಡಿಂಗ್ ಮುಗಿದು ಶಟರ್ ಏಳುತ್ತಿದ್ದ ಹಾಗೆ ತಲೆ ಒಳಗೆ ಹಾಕುತ್ತೀರಲ್ಲ, ಅದು ಬೇಡ. ಟಾರ್ಗೆಟ್ ಒತ್ತಡ ಇರುತ್ತೆ, ಆದರೂ ಹತ್ತು ಸೆಕೆಂಡ್ ಬಿಡಿ, ಹೊಗೆ ಮೇಲಿನ ಹುಡ್ಡಿಗೆ ಎಳೆದುಹೋಗಲಿ. ಹುಡ್ ಎಳೆಯುತ್ತಿದೆಯಾ ಅಂತ ತಿಳಿಯುವುದಕ್ಕೆ ಒಂದು ಊದುಬತ್ತಿ ಹಚ್ಚಿ ಕೆಳಗೆ ಹಿಡಿಯಿರಿ. ಹೊಗೆ ಸರ್ರನೆ ಹುಡ್ಡಿನೊಳಕ್ಕೆ ಎಳೆದುಹೋದರೆ ಸರಿ, ಸುಮ್ಮನೆ ತೇಲಿದರೆ ಅಥವಾ ನಿಮ್ಮ ಕಡೆಗೆ ವಾಲಿದರೆ ಹುಡ್ ಸರಿಯಾಗಿ ಎಳೆಯುತ್ತಿಲ್ಲ, ಫಿಲ್ಟರ್ ಕಟ್ಟಿರಬಹುದು. ಆವತ್ತೇ ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿ. ಜಿಂಕ್ ಕೋಟಿಂಗ್ ಇರುವ ಪೀಸ್ ಬಂದ ದಿನ ಸಂಜೆ ಚಳಿ ಜ್ವರ ಬಂದ ಹಾಗಾದರೆ ಅದು ವೈರಲ್ ಅಂತಲೇ ತಿಳಿಯಬೇಡಿ, ಅದೇ ಹೊಗೆ ಇರಬಹುದು. ಡಾಕ್ಟರ ಹತ್ತಿರ ಹೋದಾಗ ನಾನು ವೆಲ್ಡಿಂಗ್ ಕೆಲಸದವನು ಅಂತ ಮೊದಲೇ ಹೇಳಿ. ಅಣ್ಣನಿಗೂ ಹೇಳಿ, ಅವರು ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವವರಾದರೆ ಆ ಬಟ್ಟೆಯಿಂದ ಏನೂ ಪ್ರಯೋಜನ ಇಲ್ಲ, ಫಿಲ್ಟರ್ ಇರುವ ಮಾಸ್ಕೇ ಬೇಕು.